ಮ್ಯೂನಿಕ್ಕೋ, ಐಂಡ್‌ಹೋವನ್ನೋ, ಡಬ್ಲಿನ್ನೋ? ಯುರೋಪಿಗೆ ಹೊರಟವರ ಪ್ರಶ್ನೆಗಳು

ಪ್ರಶ್ನೆ (ಬೆಂಗಳೂರು, ಸಾಫ್ಟ್‌ವೇರ್): ಮೇಡಂ, ನಮಸ್ತೆ. ನನಗೆ 37 ವರ್ಷ. ಬ್ಯಾಕ್‌ಎಂಡ್ ಡೆವಲಪರ್, 13 ವರ್ಷದ ಅನುಭವ. ಒಂದು ವರ್ಷದಿಂದ ಯುರೋಪಿನ ಕೆಲಸಗಳಿಗೆ ಅರ್ಜಿ ಹಾಕುತ್ತಿದ್ದೆ, ಈಗ ಎಲ್ಲ ಒಟ್ಟಿಗೇ ಬಂದು ಕೂತಿದೆ. ಮ್ಯೂನಿಕ್‌ನಿಂದ ವರ್ಷಕ್ಕೆ 72,000 ಯೂರೋ ಆಫರ್. ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಿಂದ 70,000. ಡಬ್ಲಿನ್‌ನಲ್ಲಿ ಕೊನೆಯ ಸುತ್ತಿನ ಇಂಟರ್‌ವ್ಯೂ ಬಾಕಿ. ಮನೆಯವರು ಡೆಂಟಿಸ್ಟ್. ಮಗಳಿಗೆ 8 ವರ್ಷ, ಮೂರನೇ ಕ್ಲಾಸು. ಕೈಗೆ ಎಲ್ಲಿ ಜಾಸ್ತಿ ಉಳಿಯುತ್ತದೆ? ಪಿಆರ್ (ಕಾಯಂ ವಾಸದ ಹಕ್ಕು) ಎಲ್ಲಿ ಬೇಗ ಸಿಗುತ್ತದೆ? ಯಾವ ದೇಶ ಆರಿಸಲಿ?

ಉತ್ತರ: ನೀವು ಕೇಳಿದ್ದಕ್ಕೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಕೇಳದೆ ಬಿಟ್ಟಿದ್ದನ್ನು ಆಮೇಲೆ ನಾನೇ ಕೇಳುತ್ತೇನೆ.

ಇದು 2025ರ ಲೆಕ್ಕ. ಮ್ಯೂನಿಕ್‌ನಲ್ಲಿ ನೀವೊಬ್ಬರೇ ದುಡಿಯುವುದಾದರೆ ಮೂರನೇ ತೆರಿಗೆ ವರ್ಗ ಕೇಳಬಹುದು, ಅದರಲ್ಲಿ ತಿಂಗಳ ಸಂಬಳದಿಂದ ತೆರಿಗೆ ಕಡಿಮೆ ಹಿಡಿಯುತ್ತಾರೆ. ತೆರಿಗೆ, ಪಿಂಚಣಿ, ಆರೋಗ್ಯ ವಿಮೆ ಎಲ್ಲ ಕಳೆದು ತಿಂಗಳಿಗೆ 4,100 ಯೂರೋ ಆಸುಪಾಸು ಕೈಗೆ ಬರುತ್ತದೆ. ಸರ್ಕಾರಿ ವಿಮೆಯಲ್ಲಿದ್ದರೆ ದುಡಿಮೆಯಿಲ್ಲದ ಹೆಂಡತಿ, ಮಗಳು ಇಬ್ಬರೂ ನಿಮ್ಮ ವಿಮೆಯೊಳಗೇ ಬರುತ್ತಾರೆ. ಮಗುವಿನ ಹೆಸರಲ್ಲಿ ಸರ್ಕಾರ 2025ರಲ್ಲಿ ತಿಂಗಳಿಗೆ 255 ಯೂರೋ ಕೊಡುತ್ತಿತ್ತು.

ನೆದರ್ಲೆಂಡ್ಸ್‌ನಲ್ಲಿ ಹೊರಗಿನಿಂದ ಬಂದ ನುರಿತ ಕೆಲಸಗಾರರಿಗೆ ಸಂಬಳದ ಶೇ 30ರಷ್ಟು ಭಾಗಕ್ಕೆ ತೆರಿಗೆ ಹಾಕುವುದಿಲ್ಲ. ಅಲ್ಲಿರುವ ನಮ್ಮವರು ಇದನ್ನು 'ತರ್ಟಿ ಪರ್ಸೆಂಟ್ ರೂಲಿಂಗ್' ಅನ್ನುತ್ತಾರೆ. ಅದು ಸಿಕ್ಕರೆ ತಿಂಗಳಿಗೆ 4,900ರ ಹತ್ತಿರ. ಸಿಗದಿದ್ದರೆ 4,000. ಆದರೆ ಅಲ್ಲಿ ವಿಮೆ ಗಂಡನಿಗೆ ಬೇರೆ, ಹೆಂಡತಿಗೆ ಬೇರೆ. ತಲೆಗೆ 150 ಯೂರೋಗೆ ಕಡಿಮೆಯಿಲ್ಲ ಅಂದುಕೊಳ್ಳಿ. ಈ ರಿಯಾಯಿತಿ 5 ವರ್ಷಕ್ಕಷ್ಟೇ, ಅದೂ 2027ರಿಂದ ಶೇ 27ಕ್ಕೆ ಇಳಿಯುತ್ತದೆ. ಆರನೇ ವರ್ಷದ ಮೊದಲ ಪೇ ಸ್ಲಿಪ್ ನೋಡಿ ಗಾಬರಿಯಾಗಿ ನನಗೆ ಫೋನ್ ಮಾಡಿದವರಿದ್ದಾರೆ. ಆ 4,900 ನಂಬಿಕೊಂಡು ಮನೆ ಸಾಲ ಮಾಡಬೇಡಿ.

ಇನ್ನೊಂದು, ಇದು ತುಂಬಾ ಮುಖ್ಯ. ಐಂಡ್‌ಹೋವನ್ ಆಫರ್ ಲೆಟರ್ ತೆಗೆದು ಓದಿ. ಆ 70,000ದೊಳಗೆ ಶೇ 8ರ ರಜಾ ಭತ್ಯೆ ಸೇರಿದೆಯಾ? ಅಲ್ಲಿನ ಕಂಪನಿಗಳು ಎಷ್ಟೋ ಸಲ ಸೇರಿಸಿಯೇ ಹೇಳುತ್ತವೆ. ಸೇರಿದ್ದರೆ ನಿಮ್ಮ ತಿಂಗಳ ಸಂಬಳ ಸುಮಾರು 5,400 ಮಾತ್ರ. ನುರಿತ ಕೆಲಸಗಾರರ ಪರ್ಮಿಟ್‌ಗೆ 30 ದಾಟಿದವರಿಗೆ 2025ರ ಮಿತಿ 5,688 ಯೂರೋ, ಅದೂ ರಜಾ ಭತ್ಯೆ ಬಿಟ್ಟು. ಅಂದರೆ ಪರ್ಮಿಟ್ಟೇ ಆಗುವುದಿಲ್ಲ! ಇವತ್ತೇ ಎಚ್‌ಆರ್‌ಗೆ ಮೇಲ್ ಹಾಕಿ ಕೇಳಿ. ಈ ಮಿತಿ ಪ್ರತಿ ಜನವರಿಯಲ್ಲಿ ಏರುತ್ತದೆ, ಆದ್ದರಿಂದ ಅರ್ಜಿ ಯಾವ ತಿಂಗಳಲ್ಲಿ ಹೋಗುತ್ತದೆ ಅನ್ನುವುದನ್ನೂ ಕೇಳಿ. ಜರ್ಮನಿ ನುರಿತ ಕೆಲಸಗಾರರಿಗೆ ಕೊಡುವ ಬ್ಲೂ ಕಾರ್ಡ್ ಅನ್ನುವ ಪರ್ಮಿಟ್‌ಗೆ ಆ ತಲೆನೋವಿಲ್ಲ. 2025ರ ಮಿತಿ ವರ್ಷಕ್ಕೆ 48,300, ನೀವು ಎಷ್ಟೋ ಮೇಲಿದ್ದೀರಿ.

ಪಿಆರ್ ವಿಷಯ. ಜರ್ಮನಿಯಲ್ಲಿ ಬ್ಲೂ ಕಾರ್ಡ್ ಇದ್ದವರಿಗೆ ಬಿ1, ಅಂದರೆ ಮಧ್ಯಮ ಮಟ್ಟದ ಜರ್ಮನ್ ಬಂದರೆ 21 ತಿಂಗಳು, ಆರಂಭದ ಮಟ್ಟವಾದ ಎ1 ಮಾತ್ರ ಆಗಿದ್ದರೆ 27 ತಿಂಗಳು. ನೆದರ್ಲೆಂಡ್ಸ್‌ನಲ್ಲಿ 5 ವರ್ಷ. ಐರ್ಲೆಂಡ್‌ನಲ್ಲಿ ಜನರ ಕೊರತೆ ಇರುವ ಕೆಲಸಗಳಿಗೆ ಕೊಡುವ ಕ್ರಿಟಿಕಲ್ ಸ್ಕಿಲ್ಸ್ ಪರ್ಮಿಟ್ ಮೇಲೆ 21 ತಿಂಗಳು ದುಡಿದರೆ 'ಸ್ಟ್ಯಾಂಪ್ 4' ಸಿಗುತ್ತದೆ. ಅದು ಪಿಆರ್ ಅಲ್ಲ, ಆದರೆ ಆಮೇಲೆ ಯಾರ ಹತ್ತಿರ ಬೇಕಾದರೂ ಕೆಲಸ ಮಾಡಬಹುದು. ಅಲ್ಲಿನ ಪಾಸ್‌ಪೋರ್ಟ್ ಯೋಚನೆ ಈಗ ಬೇಡ. ತೆಗೆದುಕೊಂಡ ದಿನ ನಮ್ಮ ಪಾಸ್‌ಪೋರ್ಟ್ ಹೋಗುತ್ತದೆ, ಒಸಿಐ (ಸಾಗರೋತ್ತರ ಭಾರತೀಯರ ಕಾರ್ಡ್) ಮಾಡಿಸಬೇಕು.

ಈಗ ನನ್ನ ಪ್ರಶ್ನೆ. ಅಲ್ಲಿಗೆ ಹೋಗಿ ನಿಮ್ಮ ಮನೆಯವರು ಏನು ಮಾಡುತ್ತಾರೆ? ಇಷ್ಟು ಉದ್ದ ಬರೆದಿದ್ದೀರಿ, ಅವರ ಬಗ್ಗೆ ಎರಡೇ ಪದ ಇದೆ.

ಕೆಲಸ ಸಿಕ್ಕಿ ಹೋದವರು ಎಲ್ಲಿದ್ದರೂ ಬದುಕುತ್ತಾರೆ. ಬೆಳಿಗ್ಗೆ ಆದರೆ ಆಫೀಸು, ಇಂಗ್ಲಿಷು, ಕ್ಯಾಂಟೀನು, ನಾಲ್ಕು ಜನ. ಜೊತೆಗೆ ಹೋದವರ ಪಾಡೇ ಬೇರೆ. ನಾನೂ ಹಾಗೆ ಜೊತೆಗೆ ಹೋದವಳೇ. ಎಂಎಸ್ಸಿ ಮಾಡಿಕೊಂಡು ನೆದರ್ಲೆಂಡ್ಸ್‌ನಲ್ಲಿ ಎರಡು ಚಳಿಗಾಲ ಕಿಟಕಿ ನೋಡುತ್ತಾ ಕೂತಿದ್ದೆ. ವರ್ಕ್ ಪರ್ಮಿಟ್ ಇತ್ತು, ಡಚ್ ಇರಲಿಲ್ಲ. ಹೊರಟವರಿಗೆ ಸಲಹೆ ಕೊಡುವ ಈ ಕೆಲಸಕ್ಕೆ ಬಂದ ಮೇಲೆ ನೋಡಿದ್ದು ಏನೆಂದರೆ, ವಾಪಸ್ ಬಂದ ಮನೆಗಳಲ್ಲಿ ಹೆಚ್ಚಿನವು ಸಂಬಳ ಸಾಲದೆ ಬಂದವಲ್ಲ. ಅದಕ್ಕೇ ನಾನು ಯಾರಿಗೇ ಆದರೂ ಹೇಳುವುದು ಒಂದೇ: ಆಫರ್ ಇಲ್ಲದವರನ್ನು ನೋಡಿ ದೇಶ ಆರಿಸಿ.

ಮೂರೂ ದೇಶಗಳಲ್ಲಿ ನಿಮ್ಮ ಹೆಂಡತಿಗೆ ದುಡಿಯುವ ಹಕ್ಕು ಮೊದಲ ದಿನದಿಂದಲೇ ಇರುತ್ತದೆ. ಆದರೆ ಹಲ್ಲು ಕೀಳಲು ಆ ಹಕ್ಕು ಸಾಲದು, ಲೈಸೆನ್ಸ್ ಬೇಕು. ಜರ್ಮನಿಯಲ್ಲಿ ಅದಕ್ಕೆ ಅಪ್ರೊಬಾಟ್ಸಿಯೋನ್ ಅನ್ನುತ್ತಾರೆ. ಮೊದಲು ಬಿ1ಗಿಂತ ಮೇಲಿನ ಬಿ2 ಜರ್ಮನ್, ಆಮೇಲೆ ವೈದ್ಯಕೀಯ ಭಾಷೆಯ ಪರೀಕ್ಷೆ, ಅದು ಇನ್ನೂ ಮೇಲಿನ ಸಿ1 ಮಟ್ಟದ್ದು. ನಮ್ಮ ಬಿಡಿಎಸ್ ಅಲ್ಲಿನ ಓದಿಗೆ ಸಮ ಅಲ್ಲ ಅಂದರೆ ವಿಷಯದ ಪರೀಕ್ಷೆ ಬೇರೆ. ನಡುವೆ ತಾತ್ಕಾಲಿಕ ಲೈಸೆನ್ಸ್ ಕೊಡುವುದುಂಟು, ಹೆಚ್ಚೆಂದರೆ ಎರಡು ವರ್ಷಕ್ಕೆ. ನೆದರ್ಲೆಂಡ್ಸ್‌ನಲ್ಲಿ ವೈದ್ಯರ ಸರ್ಕಾರಿ ಪಟ್ಟಿಯಾದ ಬಿಗ್ ರಿಜಿಸ್ಟರ್‌ನಲ್ಲಿ ಹೆಸರು ಬರಬೇಕು, ಡಚ್ ಬರದೆ ಅದು ಆಗದು. ಐರ್ಲೆಂಡ್‌ನಲ್ಲೂ ಅಲ್ಲಿನ ಡೆಂಟಲ್ ಕೌನ್ಸಿಲ್ ನೋಂದಣಿ ಬೇಕೇ ಬೇಕು. ಅದೇನು ಸಲೀಸಲ್ಲ, ಆದರೆ ಭಾಷೆಯ ಗೋಡೆ ಇಲ್ಲ.

ಮಗಳ ವಿಷಯ ಇನ್ನೂ ಸೂಕ್ಷ್ಮ. ಮ್ಯೂನಿಕ್ ಇರುವುದು ಬವೇರಿಯಾ ರಾಜ್ಯದಲ್ಲಿ. ಅಲ್ಲಿ ನಾಲ್ಕನೇ ಕ್ಲಾಸಿಗೇ ಮಕ್ಕಳನ್ನು ಮೂರು ಥರದ ಶಾಲೆಗಳಿಗೆ ಹಂಚುತ್ತಾರೆ. ಮುಂದೆ ಯೂನಿವರ್ಸಿಟಿಗೆ ನೇರ ದಾರಿ ಇರುವ ಗಿಮ್ನಾಸಿಯಂ ಸೇರಬೇಕಾದರೆ ಸಾಮಾನ್ಯವಾಗಿ ಜರ್ಮನ್, ಗಣಿತ, ಪರಿಸರ ಪಾಠ ಮೂರರ ಸರಾಸರಿ 2.33 ಅಥವಾ ಅದಕ್ಕಿಂತ ಚೆನ್ನಾಗಿರಬೇಕು. ಅಲ್ಲಿ 1 ಅಂದರೆ ಮೇಲು, 6 ಅಂದರೆ ಫೇಲು. ನಿಮ್ಮ ಮಗಳಿಗೆ ಜರ್ಮನ್ ಕಲಿಯಲು ಹೆಚ್ಚೆಂದರೆ ಎರಡು ವರ್ಷ ಸಿಗುತ್ತದೆ. ಆಮೇಲೆ ಶಾಲೆ ಬದಲಿಸುವ ದಾರಿಗಳಿವೆ, ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಆದರೂ ಹತ್ತು ವರ್ಷದ ಮಗುವಿಗೆ ಅದು ಭಾರವೇ. ಅದೇ ಬರ್ಲಿನ್‌ನಲ್ಲಿ ಈ ಹಂಚಿಕೆ ಆರನೇ ಕ್ಲಾಸಿನ ನಂತರ. ಎರಡು ವರ್ಷ ಉಸಿರಾಡಲು ಸಿಗುತ್ತದೆ. ನೆದರ್ಲೆಂಡ್ಸ್‌ನಲ್ಲೂ 12ರ ಸುಮಾರಿಗೆ. ಡಬ್ಲಿನ್‌ನಲ್ಲಿ ಪಾಠ ಇಂಗ್ಲಿಷಿನಲ್ಲೇ, ಜೊತೆಗೆ ಐರಿಷ್ ಒಂದು ವಿಷಯ. (ಇಲ್ಲಿ ಕನ್ನಡ ಕಲಿಯಲು ಅಳುವ ಮಕ್ಕಳು ಅಲ್ಲಿ ಐರಿಷ್ ಹಾಡು ಹೇಳುತ್ತವೆ, ಅದೊಂದು ಬೇರೆ ದುಃಖ.)

ಮನೆಯವರನ್ನು ಕೂರಿಸಿಕೊಂಡು ಕೇಳಿ. ಆಮೇಲೆ ಬರೆಯಿರಿ.

ಗುಂಪಿನ ಸದಸ್ಯರೊಬ್ಬರು: ಜರ್ಮನಿಯಿಂದ ಬಂದ ಕಿಟೆಲ್ ಕನ್ನಡ ಕಲಿತು 1894ರಲ್ಲಿ ನಿಘಂಟನ್ನೇ ಕೊಟ್ಟರು. ನಮಗೆ ಬಿ1 ಅಂದರೆ ಜ್ವರ ಬರುತ್ತದೆ.

ಪ್ರಶ್ನೆ (ಮಂಗಳೂರು, ನರ್ಸ್): ಅಕ್ಕ, ನಾನು ಬಿಎಸ್ಸಿ ನರ್ಸಿಂಗ್, 4 ವರ್ಷ ಐಸಿಯುನಲ್ಲಿ ಕೆಲಸ ಮಾಡಿದ್ದೇನೆ. ಇಲ್ಲಿ ಒಬ್ಬ ಏಜೆಂಟ್ ಜರ್ಮನಿಗೆ ಕಳಿಸಲು 5 ಲಕ್ಷ ಕೇಳುತ್ತಿದ್ದಾರೆ. ಒರಿಜಿನಲ್ ಸರ್ಟಿಫಿಕೇಟ್ ಈಗಲೇ ಕೊಡಬೇಕಂತೆ. ಜರ್ಮನಿಯಾ, ಐರ್ಲೆಂಡಾ?

ಉತ್ತರ: ಒರಿಜಿನಲ್ ಯಾರ ಕೈಗೂ ಕೊಡಬೇಡಿ ತಂಗಿ. ದೇಶ ಆಮೇಲೆ ನೋಡೋಣ, ಮೊದಲು ಇದು.

ವಿದೇಶಕ್ಕೆ ಕೆಲಸಗಾರರನ್ನು ಕಳಿಸುವ ಏಜೆಂಟ್‌ಗಳು ಕೇಂದ್ರ ಸರ್ಕಾರದಲ್ಲಿ ನೋಂದಣಿ ಮಾಡಿಸಿರಬೇಕು. ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿ ಪಟ್ಟಿ ಇದೆ, ಆ ಹೆಸರು ಹುಡುಕಿ. ಅವರು ನಿಮ್ಮಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ರಸೀದಿ ಕೊಡಲೇಬೇಕು. 5 ಲಕ್ಷ ಯಾವ ಬಾಬ್ತಿಗೆ ಅಂತ ಬರೆದುಕೊಡಲು ಹೇಳಿ ನೋಡಿ, ಮಾತೇ ಬದಲಾಗುತ್ತದೆ. ಜರ್ಮನಿಯಲ್ಲಿ ನರ್ಸ್‌ಗಳ ಕೊರತೆ ಎಷ್ಟಿದೆ ಅಂದರೆ, ಭಾಷೆಯ ಕ್ಲಾಸು, ಟಿಕೆಟ್ ಎರಡರ ಖರ್ಚನ್ನೂ ತಾವೇ ಹಾಕಿಕೊಳ್ಳುವ ಆಸ್ಪತ್ರೆಗಳಿವೆ.

ಜರ್ಮನಿಗೆ ಬಿ2 ಬೇಕು. ದಿನಾ ಕೂತರೂ ಸುಮಾರು ಒಂದು ವರ್ಷ ಹಿಡಿಯುತ್ತದೆ. ನಿಮ್ಮ ಓದನ್ನು ಅಲ್ಲಿನವರು ತೂಗಿ ನೋಡಿ, ಕೊರತೆ ಇದ್ದರೆ ತರಬೇತಿ ಅಥವಾ ಪರೀಕ್ಷೆ ಹೇಳುತ್ತಾರೆ. ಅದು ಮುಗಿಯುವವರೆಗೆ ಸಹಾಯಕಿಯ ಸಂಬಳ. ಐಸಿಯು ನಡೆಸಿದವರಿಗೆ ಆ ದಿನಗಳು ಕಷ್ಟ, ಹಾಸಿಗೆ ಸರಿಮಾಡು, ಸ್ನಾನ ಮಾಡಿಸು ಅಂದಾಗ ಮನಸ್ಸಿಗೆ ಚುಚ್ಚುತ್ತದೆ. ಐರ್ಲೆಂಡ್‌ಗೆ ಐಇಎಲ್‌ಟಿಎಸ್ ಅಥವಾ ಒಇಟಿ ಅನ್ನುವ ಇಂಗ್ಲಿಷ್ ಪರೀಕ್ಷೆ, ಆಮೇಲೆ ಅಲ್ಲಿನ ನರ್ಸಿಂಗ್ ಬೋರ್ಡ್‌ನ ಪತ್ರ, ಅಲ್ಲಿಗೆ ಹೋಗಿ ಪರೀಕ್ಷೆ ಅಥವಾ ಆಸ್ಪತ್ರೆಯಲ್ಲಿ ಕೆಲವು ವಾರಗಳ ತರಬೇತಿ. ನಿಮ್ಮ ಇಂಗ್ಲಿಷ್ ಚೆನ್ನಾಗಿದ್ದರೆ ನನ್ನ ಓಟು ಐರ್ಲೆಂಡ್‌ಗೆ. ಬಾಡಿಗೆ ಮಾತ್ರ ಕೈ ಸುಡುತ್ತದೆ, ಡಬ್ಲಿನ್ ಬಿಟ್ಟು ಬೇರೆ ಊರು ಕೇಳಿ.

ಪ್ರಶ್ನೆ (ಹುಬ್ಬಳ್ಳಿ): ಮೇಡಂ, ಬಿಇ ಮುಗಿಸಿ ಕೆಲಸಕ್ಕೆ ಸೇರಿ ಒಂದು ವರ್ಷ ಆಯಿತು. ಜರ್ಮನ್ ಬರುವುದಿಲ್ಲ. ಜರ್ಮನಿಯ ಆಪರ್ಚುನಿಟಿ ಕಾರ್ಡ್ ತಗೊಂಡು ಅಲ್ಲೇ ಹೋಗಿ ಕೆಲಸ ಹುಡುಕಲಾ?

ಉತ್ತರ: ಸದ್ಯಕ್ಕೆ ಬೇಡ. 2024ರ ಜೂನ್‌ನಲ್ಲಿ ಶುರುವಾದ ಕಾರ್ಡ್ ಅದು. ಒಂದು ವರ್ಷ ಅಲ್ಲಿದ್ದು ಕೆಲಸ ಹುಡುಕಬಹುದು, ವಾರಕ್ಕೆ 20 ಗಂಟೆ ದುಡಿಯಬಹುದು. ಆದರೆ 2025ರ ಲೆಕ್ಕದಲ್ಲಿ ತಿಂಗಳಿಗೆ 1,091 ಯೂರೋದಂತೆ ಇಡೀ ವರ್ಷದ ದುಡ್ಡು ಮೊದಲೇ ತೋರಿಸಬೇಕು. ಅಂದರೆ 13,000 ಯೂರೋ ಮೇಲಾಯಿತು. ಒಂದು ವರ್ಷದ ಅನುಭವ, ಜರ್ಮನ್ ಸೊನ್ನೆ, ಇಷ್ಟಿಟ್ಟುಕೊಂಡು ಅಪ್ಪನ ದುಡ್ಡು ಸುಡಬೇಡಿ. ಇನ್ನೆರಡು ವರ್ಷ ಇಲ್ಲೇ ದುಡಿಯಿರಿ, ಸಂಜೆ ಜರ್ಮನ್ ಕ್ಲಾಸಿಗೆ ಹೋಗಿ. ಓದುವ ಆಸೆ ಇದ್ದರೆ ಮಾತು ಬೇರೆ. ಅಲ್ಲಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಹೆಚ್ಚಿನ ಕಡೆ ಪಾಠದ ಫೀಸೇ ಇಲ್ಲ.

ಪ್ರಶ್ನೆ (ಮೈಸೂರು): ನನ್ನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇದೆ. ಡಿಗ್ರಿಯಲ್ಲಿ ಇನಿಷಿಯಲ್ ಇದೆ. ತೊಂದರೆ ಆಗುತ್ತಾ?

ಉತ್ತರ: ಆಗುತ್ತದೆ. ನಮ್ಮ ಕಡೆಯವರಿಗೆ ಇದು ಹುಟ್ಟಿನಿಂದ ಬಂದ ಬಳುವಳಿ. ಅಲ್ಲಿನ ಎಲ್ಲ ಫಾರ್ಮ್‌ನಲ್ಲೂ ಮನೆತನದ ಹೆಸರಿನ ಬಾಕ್ಸ್ ತುಂಬಲೇಬೇಕು. ಖಾಲಿ ಬಿಟ್ಟರೆ ಒಬ್ಬ ಗುಮಾಸ್ತ ಒಂದು ಥರ ತುಂಬುತ್ತಾನೆ, ಇನ್ನೊಬ್ಬ ಇನ್ನೊಂದು ಥರ. ಬ್ಯಾಂಕಿನಲ್ಲಿ ಒಂದು ಹೆಸರು, ವಿಮೆಯಲ್ಲಿ ಇನ್ನೊಂದು. ಹೊರಡುವ ಮೊದಲು ಪಾಸ್‌ಪೋರ್ಟ್ ರೀಇಶ್ಯೂ ಮಾಡಿಸಿ, ಇನಿಷಿಯಲ್ ಬಿಡಿಸಿ ಸರ್‌ನೇಮ್ ಜಾಗಕ್ಕೆ ಹಾಕಿಸಿ. ಮದುವೆ ಸರ್ಟಿಫಿಕೇಟ್, ಮಗುವಿನ ಜನನ ಪತ್ರ ಎಲ್ಲದರಲ್ಲೂ ಅದೇ ಹೆಸರು ಇರಲಿ. ಅಪೊಸ್ಟೀಲ್ (ಕಾಗದವನ್ನು ಹೊರದೇಶದವರು ಒಪ್ಪಲು ಸರ್ಕಾರ ಹಾಕುವ ದೃಢೀಕರಣದ ಮುದ್ರೆ) ಆಮೇಲೆ ಮಾಡಿಸಿ. ಮೊದಲೇ ಮಾಡಿಸಿಬಿಟ್ಟರೆ ಎರಡು ಸಲ ಖರ್ಚು.

ಮೊದಲ ಪ್ರಶ್ನೆ ಕೇಳಿದವರು: ಮೇಡಂ, ರಜಾ ಭತ್ಯೆ ಸೇರಿಸಿಯೇ 70,000 ಅಂತೆ! ಮಿತಿ ದಾಟುವಷ್ಟು ಹೆಚ್ಚಿಸುತ್ತೀರಾ ಅಂತ ಕೇಳಿದ್ದೇನೆ. ಇನ್ನೊಂದು ಮರೆತಿದ್ದೆ. ಅಮ್ಮ ಶಿವಮೊಗ್ಗದಲ್ಲಿ ಒಬ್ಬರೇ ಇದ್ದಾರೆ, 68 ವರ್ಷ. ಅವರನ್ನು ಕರೆದುಕೊಂಡು ಹೋಗಬಹುದಾ?

ಉತ್ತರ: ಕಾಗದದ ಮೇಲೆ ಜರ್ಮನಿ ಒಂದು ದಾರಿ ಬಿಟ್ಟಿದೆ. 2024ರ ಮಾರ್ಚ್ 1 ಅಥವಾ ಆಮೇಲೆ ಮೊದಲ ಸಲ ಬ್ಲೂ ಕಾರ್ಡ್‌ನಂಥ ಪರ್ಮಿಟ್ ಪಡೆದವರು ಅಪ್ಪ ಅಮ್ಮನನ್ನು, ಅತ್ತೆ ಮಾವನನ್ನೂ ಕರೆಸಿಕೊಳ್ಳಲು ಕೇಳಬಹುದು. ಆದರೆ ಆ ವಯಸ್ಸಿನವರಿಗೆ ಪೂರ್ತಿ ಆರೋಗ್ಯ ವಿಮೆ ತೋರಿಸಬೇಕು. ಅಲ್ಲೇ ಎಲ್ಲರೂ ಸಿಕ್ಕಿಹಾಕಿಕೊಳ್ಳುವುದು. ಸರ್ಕಾರಿ ವಿಮೆಯವರು ಸೇರಿಸಿಕೊಳ್ಳುವುದಿಲ್ಲ, ಖಾಸಗಿಯವರು ಕೇಳುವ ದುಡ್ಡು ನೋಡಿದರೆ ತಲೆ ತಿರುಗುತ್ತದೆ. ಇದನ್ನು ನಂಬಿ ಅಮ್ಮನಿಗೆ ಮಾತು ಕೊಡಬೇಡಿ.

ಭೇಟಿ ವೀಸಾದಲ್ಲಿ ಬರುವುದಾದರೆ ಷೆಂಗೆನ್ ದೇಶಗಳಲ್ಲಿ (ಜರ್ಮನಿ, ನೆದರ್ಲೆಂಡ್ಸ್ ಸೇರಿ ಒಂದೇ ವೀಸಾ ನಡೆಯುವ ದೇಶಗಳು) 180 ದಿನದಲ್ಲಿ 90 ದಿನ. ಮ್ಯೂನಿಕ್, ಆಮ್‌ಸ್ಟರ್‌ಡ್ಯಾಮ್ ಎರಡಕ್ಕೂ ಬೆಂಗಳೂರಿನಿಂದ ನೇರ ವಿಮಾನ ಇದೆ. ಡಬ್ಲಿನ್‌ಗೆ ನಡುವೆ ಇಳಿದು ಹತ್ತಬೇಕು, ವೀಸಾನೂ ಬೇರೆ, ಐರ್ಲೆಂಡ್ ಷೆಂಗೆನ್‌ನಲ್ಲಿಲ್ಲ. ಒಬ್ಬರೇ ಬರುವ ಅಮ್ಮನ ಮಟ್ಟಿಗೆ ಇದು ಸಣ್ಣ ವಿಷಯ ಅಲ್ಲ, ಅಲ್ವಾ?

ಅವರ ಮನೆಯವರು: ನಮಸ್ಕಾರ ಮೇಡಂ, ಆ ಎರಡು ಪದದ ಡೆಂಟಿಸ್ಟ್ ನಾನೇ. ನಿನ್ನೆ ರಾತ್ರಿ ಮೊದಲ ಸಲ ಈ ಪ್ರಶ್ನೆ ನನ್ನ ಹತ್ತಿರ ಬಂತು. ನನಗೆ 9 ವರ್ಷದ ಪ್ರಾಕ್ಟೀಸ್ ಇದೆ. ಭಾಷೆ ಕಲಿಯಲು ಹಿಂಜರಿಕೆ ಇಲ್ಲ. ಆದರೆ ಮೂರು ವರ್ಷ ಸುಮ್ನೆ ಕೂರಲು ಆಗದು, ಕೈಯ ಹಿಡಿತ ತಪ್ಪುತ್ತದೆ. ಡಬ್ಲಿನ್ ಆದರೆ ಡಬ್ಲಿನ್. ಆಗದಿದ್ದರೆ ಜರ್ಮನಿಗೆ ಇವರು ಮೊದಲು ಹೋಗಲಿ, ನಾನು ಇಲ್ಲೇ ಕ್ಲಿನಿಕ್ ನೋಡಿಕೊಂಡು ಬಿ2 ಮುಗಿಸಿ ಬರುತ್ತೇನೆ ಅಂತ ಯೋಚನೆ. ಇದು ಸರಿಯಾ?

ಉತ್ತರ: ನಿಮ್ಮ ಮಟ್ಟಿಗೆ ಸರಿ, ಮಗಳ ಮಟ್ಟಿಗೆ ಯೋಚಿಸಿ. ನೀವು ಒಂದು ವರ್ಷ ತಡವಾಗಿ ಹೋದರೆ ಬವೇರಿಯಾದ ಆ ನಾಲ್ಕನೇ ಕ್ಲಾಸಿಗೆ ಅವಳಿಗೆ ಉಳಿಯುವುದು ಒಂದೇ ವರ್ಷ. ಆದ್ದರಿಂದ ಜರ್ಮನ್ ಕ್ಲಾಸಿಗೆ ಇಬ್ಬರೂ ಇವತ್ತಿನಿಂದಲೇ ಹೋಗಿ, ಇಂದಿರಾನಗರದ ಗೋಥೆ ಇನ್‌ಸ್ಟಿಟ್ಯೂಟ್‌ನಲ್ಲಿ ವಿಚಾರಿಸಿ. ಯಜಮಾನರು ಮ್ಯೂನಿಕ್‌ನವರ ಹತ್ತಿರ ಎರಡು ಕೇಳಲಿ: ಉತ್ತರಕ್ಕೆ ಎರಡು ವಾರ ಸಮಯ, ಮತ್ತು ಅವರಿಗೆ ಬರ್ಲಿನ್‌ನಲ್ಲಿ ಆಫೀಸು ಇದ್ದರೆ ಅಲ್ಲಿ ಸೇರಲು ಆಗುತ್ತದಾ ಅಂತ. ಅಷ್ಟರಲ್ಲಿ ಡಬ್ಲಿನ್ ಇಂಟರ್‌ವ್ಯೂ ಮುಗಿಯುತ್ತದೆ. ಮನೆ ನೋಡುವಾಗ ನೆನಪಿರಲಿ, ಜರ್ಮನಿಯಲ್ಲಿ ಎಷ್ಟೋ ಬಾಡಿಗೆ ಮನೆಗಳಲ್ಲಿ ಅಡುಗೆಮನೆ ಅಂದರೆ ನಾಲ್ಕು ಗೋಡೆ ಮತ್ತು ನಲ್ಲಿ ಪೈಪು ಮಾತ್ರ. ಸಿಂಕು, ಒಲೆ, ಕಪಾಟು ಎಲ್ಲ ನಿಮ್ಮದೇ.

ಅವರ ಮನೆಯವರು: ಅಡುಗೆಮನೆ ಇಲ್ಲವಾ! ಸರಿ. ನನ್ನ ಕಾಗದಗಳಲ್ಲಿ ಮೊದಲು ಯಾವುದು ತೆಗೆಸಲಿ? ಡೆಂಟಲ್ ಕೌನ್ಸಿಲ್‌ನಿಂದ ಗುಡ್ ಸ್ಟ್ಯಾಂಡಿಂಗ್ ಪತ್ರ (ನನ್ನ ಮೇಲೆ ದೂರಿಲ್ಲ ಅನ್ನುವುದು) ನಾಳೆಯೇ ತರಲಾ?

ಉತ್ತರ: ಅದು ಕೊನೆಗೆ. ಸಾಮಾನ್ಯವಾಗಿ ಮೂರು ತಿಂಗಳಿಗಿಂತ ಹಳೆಯದನ್ನು ತೆಗೆದುಕೊಳ್ಳುವುದಿಲ್ಲ, ಈಗ ತಂದರೆ ದಂಡ. ಮೊದಲು ಬಿಡಿಎಸ್‌ನ ಸಿಲಬಸ್ ಮತ್ತು ಪ್ರತಿ ವಿಷಯಕ್ಕೆ ಎಷ್ಟು ಗಂಟೆ ಪಾಠ ಆಯಿತು ಅನ್ನುವ ಪತ್ರಕ್ಕೆ ಕಾಲೇಜಿನಲ್ಲಿ ಅರ್ಜಿ ಕೊಡಿ. ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಎಲ್ಲಿದೆ ಹುಡುಕಿ. ಮತ್ತೆ ಕ್ಲಿನಿಕ್‌ನ ಡಾಕ್ಟರ್ ಹತ್ತಿರ 9 ವರ್ಷದ ಅನುಭವವನ್ನು ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ, ಬಿಡುತ್ತಿದ್ದೀರಿ ಅಂತ ಹೇಳುವುದಕ್ಕೆ ಮೊದಲು.