ದೇಣಿಗೆ ಬಿಟ್ಟು ಸಾಲ ತೆಗೆದುಕೊಳ್ಳಬಹುದಾ?

ಅರಸೀಕೆರೆಯಿಂದ:
ನಮ್ಮದು ಸಣ್ಣ ಟ್ರಸ್ಟ್. 11 ಹೆಂಗಸರು ತೆಂಗಿನ ನಾರಿನಿಂದ ಹಗ್ಗ, ಕಾಲೊರಸು ಮಾಡುತ್ತಾರೆ. ಇಷ್ಟು ವರ್ಷ ದೇಣಿಗೆಯಲ್ಲೇ ನಡೆಯಿತು. ಈಗ ಯಂತ್ರಕ್ಕೆ 4 ಲಕ್ಷ ಬೇಕು. ಒಬ್ಬರು ಕಡಿಮೆ ಬಡ್ಡಿಗೆ ಸಾಲ ಕೊಡುತ್ತಾರಂತೆ. ಸೇವಾ ಸಂಸ್ಥೆಗಳು ಹಣ ಎತ್ತುವ ಷೇರುಪೇಟೆ ವಿಭಾಗ, ಸೋಶಿಯಲ್ ಸ್ಟಾಕ್ ಎಕ್ಸ್‌ಚೇಂಜ್ ಅಂತಲೂ ಒಂದಿದೆ ಎಂದು ಕೇಳಿದೆ. ಮಳೆ ಹಿಡಿದರೆ ನಾರು ಒಣಗುವುದಿಲ್ಲ, ಆಗ ಕಂತು ಎಲ್ಲಿಂದ ತರುವುದು? ಇವರ ಕೂಲಿಗೆ ಕೈಹಾಕಲು ನನಗೆ ಮನಸ್ಸಿಲ್ಲ.

ಹಾಸನದಿಂದ:
ಎಕ್ಸ್‌ಚೇಂಜ್ ಸದ್ಯಕ್ಕೆ ಬಿಡಿ. ಅಲ್ಲಿ ನೋಂದಣಿಗೇ ಹಿಂದಿನ ವರ್ಷ 50 ಲಕ್ಷ ಖರ್ಚು ಮಾಡಿರಬೇಕು. ಅಲ್ಲಿನ ಝೀರೋ ಕೂಪನ್ ಝೀರೋ ಪ್ರಿನ್ಸಿಪಲ್ ಬಾಂಡ್‌ಗೆ ಬಡ್ಡಿಯೂ ಇಲ್ಲ, ಅಸಲೂ ವಾಪಸ್ ಇಲ್ಲ. ಒಂಥರಾ ದೇಣಿಗೆಯೇ, ಅಲ್ವಾ? 2023ರ ಡಿಸೆಂಬರ್‌ನಲ್ಲಿ ಇಂಥ ಬಾಂಡ್‌ನಿಂದ ಅಲ್ಲಿ ಮೊದಲು ಪಟ್ಟಿಯಾದದ್ದು ಬೆಂಗಳೂರಿನ ಉನ್ನತಿ ಫೌಂಡೇಶನ್.

ಕಡೂರಿನಿಂದ:
ಮೊದಲು ಟ್ರಸ್ಟ್ ಡೀಡ್‌ನಲ್ಲಿ, ಅಂದರೆ ಟ್ರಸ್ಟ್ ಕಟ್ಟಿದಾಗಿನ ಪತ್ರದಲ್ಲಿ, ಸಾಲಕ್ಕೆ ಅವಕಾಶ ಇದೆಯಾ ನೋಡಿ. ನಾವು ತೆಗೆದುಕೊಂಡಾಗ ಆರು ತಿಂಗಳು ಕಂತು ಬೇಡ, ಮಳೆಗಾಲದಲ್ಲಿ ಬಡ್ಡಿ ಮಾತ್ರ ಅಂತ ಬರೆಸಿಕೊಂಡೆವು. 12 ತಿಂಗಳ ಮಾರಾಟ ಒಂದು ಹಾಳೆಯಲ್ಲಿ ಬರೆಯಿರಿ. ಕೂಲಿ ಮೊದಲು ಕಳೆಯಿರಿ. ಉಳಿದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಕಂತಿಗೆ ಹೋದರೆ ಬೇಡವೇ ಬೇಡ.

ಅರಸೀಕೆರೆಯಿಂದ:
ಇವತ್ತೇ ಲೆಕ್ಕದ ಪುಸ್ತಕ ತೆಗೆಯುತ್ತೇನೆ. ಮನೆ ಪತ್ರ ಕೇಳಿದರೆ?

ಕಡೂರಿನಿಂದ:
ಕೊಡಬೇಡಿ. ಯಂತ್ರವನ್ನೇ ಅಡ ಇಡಿ.