ಪಚ್ಚೆ-ವಜ್ರದ ಉಂಗುರ: ಕಲ್ಲಿನೊಳಗೆ ಗೆರೆ ಕಾಣ್ತಾ ಉಂಟು, ಅಡ್ವಾನ್ಸ್ ಕೊಡುವುದಾ ಬೇಡವಾ?

ಕಡಲತಡಿ:
ಮದುವೆಯಾಗಿ 25 ವರ್ಷ ಆಗ್ತದೆ ಅಂತ ಹೆಂಡತಿಗೆ ಗೊತ್ತಾಗದ ಹಾಗೆ ಮಂಗಳೂರಿನ ಹಂಪನಕಟ್ಟೆಯಲ್ಲಿ ಒಂದು ಉಂಗುರ ನೋಡಿ ಬಂದೆ. ನಡುವೆ 1.20 ಕ್ಯಾರೆಟ್ ಪಚ್ಚೆ, ಸುತ್ತ 16 ಸಣ್ಣ ವಜ್ರ (ಒಟ್ಟು 0.32 ಕ್ಯಾರೆಟ್), 18 ಕ್ಯಾರೆಟ್ ಚಿನ್ನ. ಒಳಗೆ ದೀಪದಡಿ ಎಳೆ ಬಾಳೆಯೆಲೆಯ ಹಾಗೆ ಹೊಳೀತಿತ್ತು. ಬಾಗಿಲ ಹತ್ತಿರ ಹಗಲು ಬೆಳಕಿಗೆ ಹಿಡಿದರೆ ಬಣ್ಣ ಸ್ವಲ್ಪ ಮಂಕು, ಒಳಗೆ ನೂಲಿನ ಹಾಗೆ ಒಂದು ಗೆರೆ. ಕೇಳಿದ್ದಕ್ಕೆ "ಒರಿಜಿನಲ್ ಅಲ್ವಾ ಸಾರ್, ಇರ್ತದೆ" ಅಂದ್ರು. ಎಸ್ಟಿಮೇಟಿನಲ್ಲಿ ಚಿನ್ನ 4.62 ಗ್ರಾಂ ಅಂತ ಬರೆದಿದ್ದಾರೆ. ಶನಿವಾರದೊಳಗೆ ಅಡ್ವಾನ್ಸ್ ಕೊಡಬೇಕಂತೆ. ಎಂತ ಮಾಡುವುದು?

ಹಳೇತಕ್ಕಡಿ:
ಗೆರೆ ಇದ್ದದ್ದಕ್ಕೆ ಹೆದರಬೇಡಿ. ಪಚ್ಚೆಯಲ್ಲಿ ಗೆರೆ, ಚುಕ್ಕೆ ಇಲ್ಲದಿದ್ದರೇ ನನಗೆ ಸಂಶಯ. ಒಂದು ಕ್ಯಾರೆಟ್ಟಿಗಿಂತ ದೊಡ್ಡ ಕಲ್ಲು, ಕನ್ನಡಿಯ ಹಾಗೆ ಸ್ವಚ್ಛ, ರೇಟೂ ಕಡಿಮೆ ಅಂದ್ರೆ ಲ್ಯಾಬಿನಲ್ಲಿ ಬೆಳೆಸಿದ್ದೋ ಗಾಜೋ ಅಂತ ಮೊದಲು ಕೇಳಿ. ಗಾಜಾದರೆ ಲೂಪಿನಲ್ಲಿ (ಕಲ್ಲು ನೋಡುವ ಸಣ್ಣ ಭೂತಗನ್ನಡಿ) ಎಷ್ಟೋ ಸಲ ದುಂಡಗಿನ ಗುಳ್ಳೆ ಕಾಣ್ತದೆ.

ನೀವು ನೋಡಬೇಕಾದ್ದು ಗೆರೆ ಎಲ್ಲಿಗೆ ಹೋಗಿ ನಿಲ್ತದೆ ಅಂತ. 10 ಪಟ್ಟಿನ ಲೂಪ್ ಅವರ ಹತ್ತಿರವೇ ಇರ್ತದೆ, ಕೇಳಿ ತಕ್ಕೊಳ್ಳಿ. ಉಂಗುರ ಓರೆ ಮಾಡಿ ಮೇಲ್ಮೈ ಮೇಲೆ ಬೆಳಕು ಜಾರಿಸಿ. ಗೆರೆ ಒಳಗೇ ಮುಗಿದರೆ ಪರವಾಗಿಲ್ಲ. ಮೇಲ್ಮೈ ವರೆಗೆ ಬಂದಿದ್ದರೆ ಅದು ಬಿರುಕು, ಮೂಲೆಯನ್ನು ಮುಟ್ಟಿದ್ದರೆ ಬಿಟ್ಟು ಬನ್ನಿ. ಕಲ್ಲು ಹಿಡಿಯುವ ಕೊಕ್ಕೆ ಒತ್ತುವುದು ಅಲ್ಲಿಯೇ. ಅಪ್ಪನ ಜೊತೆ ಕಲ್ಲು ಕೂರಿಸುವ ಮಣೆ ಮುಂದೆ ಕೂತವನು ನಾನು, ಮೂಲೆ ಹಾರಿದ ಪಚ್ಚೆ ಎಷ್ಟು ನೋಡಿದ್ದೇನೋ.

ಮಂಕು ಅಂದ್ರಲ್ಲ, ಆ ಬಣ್ಣವೇ ನಿಜದ್ದು. ಶೋರೂಮಿನ ದೀಪ ಕೆಸುವಿನ ಎಲೆಯನ್ನೂ ಪಚ್ಚೆ ಮಾಡ್ತದೆ. ಉಂಗುರದ ಹಿಂಬದಿ ಮುಚ್ಚಿದ್ದರೆ ಇನ್ನೂ ಜಾಗ್ರತೆ, ಕಲ್ಲಿನ ಅಡಿಯಲ್ಲಿ ಹೊಳೆಯುವ ತೆಳು ಹಾಳೆ (ಫಾಯಿಲ್) ಇಟ್ಟು ಬಣ್ಣ ಏರಿಸಿರಬಹುದು.

ಇನ್ನು ಎಣ್ಣೆ. ಹೆಚ್ಚುಕಮ್ಮಿ ಎಲ್ಲ ಪಚ್ಚೆಗೂ ಬಿರುಕು ಮರೆಯಾಗಲಿಕ್ಕೆ ಎಣ್ಣೆ ಅಥವಾ ರಾಳ ತುಂಬಿಸ್ತಾರೆ, ಅದು ಮೋಸ ಅಲ್ಲ. ಎಷ್ಟು ತುಂಬಿದ್ದಾರೆ ಅನ್ನುವುದರಲ್ಲಿ ರೇಟು ಉಂಟು. ಕಲ್ಲು ಪರೀಕ್ಷೆ ಮಾಡುವ ಜಿಐಎ ಲ್ಯಾಬಿನ ವರದಿಯಲ್ಲಾದರೆ ಮೈನರ್ (ಕಡಿಮೆ), ಮಾಡರೇಟ್ (ಮಧ್ಯಮ), ಸಿಗ್ನಿಫಿಕೆಂಟ್ (ಜಾಸ್ತಿ) ಅಂತ ಬರ್ತದೆ. ಬರೀ "ನ್ಯಾಚುರಲ್ ಎಮರಾಲ್ಡ್" ಅಂತ ಬರೆದ ಅಂಗಡಿಯದೇ ಕಾರ್ಡು ಸಾಲದು. ಹಾಲ್‌ಮಾರ್ಕ್ ಉಂಟಲ್ಲ ಅಂತಾರೆ. ಹಾಲ್‌ಮಾರ್ಕ್ ಚಿನ್ನಕ್ಕೆ ಮಾತ್ರ, ಕಲ್ಲಿಗೂ ಅದಕ್ಕೂ ಸಂಬಂಧ ಇಲ್ಲ. 750 ಮುದ್ರೆ (18 ಕ್ಯಾರೆಟ್ ಅಂತ ಅರ್ಥ), ಒಡವೆಯ ಗುರುತಿನ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಎರಡೂ ಇರಬೇಕು. ಅದನ್ನು ಸರಕಾರದ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಿ.

ನನಗೆ ಕಲ್ಲಿಗಿಂತ ಎಸ್ಟಿಮೇಟೇ ಸರಿ ಕಾಣ್ಲಿಲ್ಲ. 4.62 ಅಂದ್ರೆ ಕಲ್ಲು ಸೇರಿದ ತೂಕವಾ? ಕಲ್ಲಿನ ತೂಕದಲ್ಲಿ ಒಂದು ಕ್ಯಾರೆಟ್ ಅಂದ್ರೆ 0.2 ಗ್ರಾಂ. ಪಚ್ಚೆ 0.24, ವಜ್ರ 0.064, ಎರಡೂ ಸೇರಿ 0.304. ಚಿನ್ನ ಬರೀ 4.316 ಗ್ರಾಂ. ಕಳೆಯದಿದ್ದರೆ ಕಲ್ಲಿಗೆ ಒಮ್ಮೆ ಕಲ್ಲಿನ ರೇಟು, ಇನ್ನೊಮ್ಮೆ ಚಿನ್ನದ ರೇಟು ಕೊಟ್ಟ ಹಾಗೆ. ಮೇಕಿಂಗ್ ಚಾರ್ಜೂ ಅದರ ಮೇಲೇ. 18 ಕ್ಯಾರೆಟ್ ಚಿನ್ನಕ್ಕೆ 22 ಕ್ಯಾರೆಟ್ಟಿನ ರೇಟು ಹಾಕಿದ್ದಾರಾ ಅಂತಲೂ ನೋಡಿ.

ಕುಂಜಿಬೆಟ್ಟು ಅಕ್ಕ:
ಅಣ್ಣ, ಹೆಂಡತಿ ದಿನಾ ಹಾಕ್ತಾರಾ ಅಂತ ಮೊದಲು ಯೋಚಿಸಿ. ನಾನು ನನ್ನ ಪಚ್ಚೆ-ವಜ್ರದ ಉಂಗುರ ಪಾತ್ರೆ ತೊಳೆಯುವಾಗಲೂ ತೆಗೀತಿರ್ಲಿಲ್ಲ. ವಜ್ರಕ್ಕೆ ತೆಂಗಿನೆಣ್ಣೆ ಅಂಟಿ ಹೊಳಪು ಹೋಯ್ತು ಅಂತ ಒಂದು ಅಂಗಡಿಗೆ ಕೊಟ್ಟೆ. ಅವರು ಅಲ್ಟ್ರಾಸಾನಿಕ್ ಮೆಷಿನ್ನಿಗೆ ಹಾಕಿದ್ರು. ವಜ್ರ ಫಳಫಳ, ಪಚ್ಚೆಯಲ್ಲಿ ಮಾತ್ರ ಬಿಳಿ ಬಿಳಿ ಗೆರೆ. ಒಳಗಿದ್ದ ಎಣ್ಣೆ ಹೋಗಿತ್ತು. "ಮೊದಲೇ ಹಾಗೆ ಇತ್ತು" ಅಂದ್ರು, ನನ್ನ ಹತ್ತಿರ ಮೊದಲಿನ ಫೋಟೋ ಎಲ್ಲಿ! ಆಮೇಲೆ ಬೇರೆ ಕಡೆ ಪುನಃ ಎಣ್ಣೆ ಹಾಕಿಸಿದೆ. ಈಗ ಉಗುರುಬೆಚ್ಚಗಿನ ನೀರು, ಮೆತ್ತನೆ ಬಟ್ಟೆ, ಅಷ್ಟೇ. ಬಂಗುಡೆ ಮುಟ್ಟುವ ಮೊದಲು ಉಂಗುರ ಡಬ್ಬಿಗೆ, ಅದೂ ಬೇರೆ ಡಬ್ಬಿಗೆ. ವಜ್ರದ ಬಳೆ ಜೊತೆ ಇಟ್ಟರೆ ಪಚ್ಚೆ ಮೇಲೆ ಗೀರು ಬೀಳ್ತದೆ.

ಕಡಲತಡಿ:
ಇವತ್ತು ಹೋಗಿ ಬಂದೆ. ಲೂಪಿನಲ್ಲಿ ನೋಡಿದ್ರೆ ಗೆರೆ ಸೀದಾ ಮೂಲೆಗೇ ಹೋಗಿದೆ. ತೂಕದ ಲೆಕ್ಕ ಹೇಳಿದಾಗ ಮ್ಯಾನೇಜರು ಕ್ಯಾಲ್ಕ್ಯುಲೇಟರ್ ತೆಗೆದು "ಹೌದು ಸಾರ್, ಟೈಪಿಂಗಿನಲ್ಲಿ ತಪ್ಪಿದೆ" ಅಂದ್ರು. ಪುಣ್ಯಕ್ಕೆ ಅಡ್ವಾನ್ಸ್ ಕೊಟ್ಟಿರ್ಲಿಲ್ಲ. ಇನ್ನೊಂದು ತೋರಿಸಿದ್ದಾರೆ, 0.90 ಕ್ಯಾರೆಟ್, ನಾಲ್ಕೂ ಮೂಲೆ ಕತ್ತರಿಸಿದ ಕಟ್, ಸುತ್ತ ಚಿನ್ನದ ಅಂಚು. ಲ್ಯಾಬಿನ ವರದಿಯಲ್ಲಿ ಮೈನರ್ ಅಂತ ಉಂಟು. ಬಣ್ಣ ಸ್ವಲ್ಪ ತಿಳಿ.

ಹಳೇತಕ್ಕಡಿ:
ತಿಳಿ ಆದರೂ ಅದನ್ನೇ ತಕ್ಕೊಳ್ಳಿ. ಅಂಚು ಸುತ್ತಲೂ ಇದ್ದರೆ ಮೂಲೆಗೆ ಪೆಟ್ಟು ಬೀಳುವುದು ಕಡಿಮೆ. ಕಲ್ಲು ಬದಲಿತಲ್ಲ, ತೂಕದ ಲೆಕ್ಕ ಪುನಃ ಹಾಕಿಸಿ, ವರದಿಯ ನಂಬರ್ ಬಿಲ್ಲಿನಲ್ಲಿ ಬರೆಸಿ. ಬೆರಳಿನ ಅಳತೆ ಉಂಟಾ ಮಾರಾಯ್ರೆ? ಅಂಚು ಕಟ್ಟಿದ ಮೇಲೆ ಉಂಗುರ ದೊಡ್ಡದು ಮಾಡಲಿಕ್ಕೆ ಬಿಸಿ ತಾಗಿಸಿದ್ರೆ ಪಚ್ಚೆ ಕೆಟ್ಟು ಹೋಗ್ತದೆ.

ಕಡಲತಡಿ:
ಅಳತೆ ಇಲ್ಲ. ಅವಳ ಹಳೇ ಉಂಗುರ ಕದ್ದು ತರಬೇಕಷ್ಟೆ, ನಾಳೆ ಅವಳು ಸ್ನಾನಕ್ಕೆ ಹೋದಾಗ ನೋಡ್ತೇನೆ.