ಕಿಡ್ನಿ ಕಸಿಯಲ್ಲಿ ‘ರಿಜೆಕ್ಷನ್’ ಅಂದ್ರೆ ಕನ್ನಡದಲ್ಲಿ ಏನನ್ನೋಣ?

ಎಲ್ರಿಗೂ ನಮಸ್ಕಾರ. ಕಿಡ್ನಿ ಕಸಿ ಆದ ಮಕ್ಕಳನ್ನ ಮನೆಗೆ ಕಳಿಸೋವಾಗ ಅಪ್ಪ-ಅಮ್ಮಂದಿರ ಕೈಗೆ ಕೊಡೋ ಒಂದು ಚಿಕ್ಕ ಕೈಪಿಡೀನ ಕನ್ನಡಕ್ಕೆ ತರ್ತಿದೀನಿ, ರಿಜೆಕ್ಷನ್ ಅನ್ನೋ ಪದದ ಹತ್ರ ಬಂದು ನಿಂತಿದೀನಿ. ಅಂದ್ರೆ ಕಸಿ ಮಾಡಿದ ಕಿಡ್ನೀನ ಮೈಯ ರೋಗನಿರೋಧಕ ಶಕ್ತಿ ಹೊರಗಿನದು ಅಂತ ಗುರುತಿಸಿ ಅದರ ಮೇಲೆ ದಾಳಿ ಮಾಡೋದು. ಇದನ್ನ ಓದೋರು ರಾಯಚೂರು, ಕೊಪ್ಪಳ, ಚಾಮರಾಜನಗರದ ಕಡೆಯಿಂದ ಬೆಂಗಳೂರಿನ ಸರ್ಕಾರಿ ಆಸ್ಪತ್ರೆಗೆ ಬರೋ ಕೂಲಿ ಮಾಡೋ ಮನೆಯವರು, ಎಷ್ಟೋ ಮನೇಲಿ ಓದಿ ಹೇಳೋದು ಏಳನೇ ಕ್ಲಾಸಲ್ಲಿರೋ ಅಕ್ಕನೋ ಅಣ್ಣನೋ.

ಪೇಪರಲ್ಲಿ ‘ತಿರಸ್ಕಾರ’, ‘ನಿರಾಕರಣೆ’ ಅಂತ ಬರೀತಾರೆ. ನನಗೆ ಅದು ಬೇಡ. ಚಿಕ್ಕ ಮಕ್ಕಳಿಗೆ ಕಿಡ್ನಿ ಕೊಡೋದು ಬಹಳ ಸಲ ತಾಯಿನೇ, 1994ರ ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಿ ತಿದ್ದುಪಡಿ ಆದ್ಮೇಲೆ ಅಜ್ಜ-ಅಜ್ಜಿನೂ ಹತ್ತಿರದ ಸಂಬಂಧಿಕರ ಲೆಕ್ಕಕ್ಕೆ ಬಂದಿದಾರೆ. ಹೊಟ್ಟೆ ಕೊಯ್ಸಿಕೊಂಡು ಕಿಡ್ನಿ ಕೊಟ್ಟ ಆ ತಾಯಿಗೆ ‘ನಿಮ್ಮ ಮಗುವಿನ ದೇಹವು ನಿಮ್ಮ ಕಿಡ್ನಿಯನ್ನು ತಿರಸ್ಕರಿಸಿದೆ’ ಅಂತ ಓದಿ ಹೇಳಿದ್ರೆ ಅವಳ ಎದೆ ಒಡೆಯಲ್ವಾ? ಮೇಲಾಗಿ ತಿರಸ್ಕಾರ ಅಂದ್ರೆ ಕಥೆ ಮುಗೀತು ಅಂತ ಅರ್ಥ ಆಗತ್ತೆ, ಆದ್ರೆ ಮುಗಿದಿರಲ್ಲ, ಬೇಗ ಗೊತ್ತಾದ್ರೆ ಕೆಲವು ದಿನ ಡ್ರಿಪ್‌ನಲ್ಲಿ ಸ್ಟೀರಾಯ್ಡ್ ಕೊಟ್ಟು ಎಷ್ಟೋ ಸಲ ಕಿಡ್ನೀನ ಉಳಿಸಿಕೊಳ್ತಾರೆ.

ಜನರ ಬಾಯಲ್ಲಿರೋ ಮಾತು ‘ಒಗ್ಗೋದು’. ಅಮ್ಮನ ಕಿಡ್ನಿ ಮಗೂಗೆ ಒಗ್ಗಿದೆ, ಇನ್ನೊಬ್ಬರದು ಒಗ್ಗಲಿಲ್ಲ ಅಂತಾರೆ. ಒಳ್ಳೇ ಪದ, ಯಾರನ್ನೂ ದೂರಲ್ಲ, ನೀರು ಒಗ್ಗೋ ಹಾಗೆ ತಾನಾಗೇ ಆಗೋ ವಿಷಯ ಅನ್ಸತ್ತೆ, ಅಪಾಯ ಇರೋದೂ ಅಲ್ಲೇ. ಒಂದ್ಸಲ ಒಗ್ಗಿತು ಅಂದ್ಮೇಲೆ ಮಾತ್ರೆ ಯಾಕೆ ಬೇಕು ಅನ್ನೋ ಪ್ರಶ್ನೆ ಆ ಪದದೊಳಗೇ ಕೂತಿದೆ. ಆ ದಾಳಿ ತಡೆಯೋ ಮಾತ್ರೆಗಳನ್ನ, ಟ್ಯಾಕ್ರೋಲಿಮಸ್ ಹನ್ನೆರಡು ಗಂಟೆಗೊಂದ್ಸಲ, ಜೊತೆಗೆ ಮೈಕೋಫಿನೋಲೇಟ್, ಪ್ರೆಡ್ನಿಸೋಲೋನ್, ಆ ಕಿಡ್ನಿ ಕೆಲಸ ಮಾಡೋವರೆಗೂ ನುಂಗ್ತಾ ಇರ್ಬೇಕು. ಮಗು ಶಾಲೆಗೆ ಹೋಗ್ತಿದೆ, ಚೆನ್ನಾಗಿ ಉಣ್ತಿದೆ, ಆ ತಿಂಗಳು ಕೂಲಿ ಸಿಕ್ಕಿಲ್ಲ, ಮಾತ್ರೆ ಅರ್ಧ ಮಾಡಿದ್ರಾಯ್ತು ಅನ್ಸತ್ತೆ. ಆಗ ನೋವಾಗ್ಲಿ ಜ್ವರವಾಗ್ಲಿ ಬರದೇನೂ ಇರಬಹುದು, ಉಚ್ಚೆ ಮಾಮೂಲಾಗೇ ಹೋಗ್ತಿರತ್ತೆ, ರಕ್ತದ ರಿಪೋರ್ಟಲ್ಲಿ ಮಾತ್ರ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ) ಏರ್ತಿರತ್ತೆ. ಮುಖ ಕಾಲು ಊದಿಕೊಂಡು ಬಸ್ ಹತ್ತಿ ಬರೋಷ್ಟರಲ್ಲಿ ತಡ ಆಗಿರತ್ತೆ.

ಹಾಗಾಗಿ ‘ತಿರುಗಿಬೀಳೋದು’ ಅಂತ ಯೋಚನೆ ಮಾಡ್ತಿದೀನಿ. ಹೀಗೆ ಬರೆದಿದೀನಿ: ‘ಹೊಸ ಕಿಡ್ನಿ ತನ್ನದಲ್ಲ ಅಂತ ಮೈಗೆ ಯಾವಾಗಲೂ ಗೊತ್ತಿರುತ್ತೆ. ಮಾತ್ರೆ ತಪ್ಪಿದರೆ ಎಷ್ಟು ವರ್ಷ ಆಗಿದ್ದರೂ ಮೈ ಅದರ ಮೇಲೆ ತಿರುಗಿಬೀಳಬಹುದು. ಬೇಗ ಬಂದರೆ ಅದನ್ನು ಅಡಗಿಸಬಹುದು.’ ಅಮ್ಮನ ಕಿಡ್ನೀಲಿ ದೋಷ ಇತ್ತು ಅಂತ ಇದು ಹೇಳಲ್ಲ, ಎಲ್ಲಾ ಮುಗೀತು ಅಂತಾನೂ ಹೇಳಲ್ಲ. ಹೆಸರುಪದ ಮಾಡೋಕೆ ಹೋದ್ರೆ ‘ತಿರುಗಿಬೀಳಿಕೆ’ ಅಂತ ಆಗಿ ಬಾಯಿಗೇ ಬರಲ್ಲ, ತಲೆಬರಹದಲ್ಲಿ ‘ರಿಜೆಕ್ಷನ್’ ಅಂತಾನೇ ಬಿಡ್ತೀನಿ, ವಾರ್ಡಲ್ಲಿ ಡಾಕ್ಟ್ರು ಸಿಸ್ಟರ್ ಎಲ್ಲಾ ಹಾಗೇ ಅನ್ನೋದು, ಅವರ ಬಾಯಿಂದ ಬಂದಾಗ ಗುರುತು ಸಿಗ್ಬೇಕಲ್ಲ. ನನ್ನ ಅಳುಕು ಒಂದೇ, ಹತ್ತು ಹನ್ನೆರಡು ವರ್ಷದ ಹುಡುಗಿ ಇದನ್ನ ತಾನೇ ಓದಿ, ನನ್ನ ಮೈ ಅಮ್ಮನ ಮೇಲೆ ತಿರುಗಿಬಿತ್ತು ಅಂತ ಮನಸ್ಸಿಗೆ ಹಚ್ಕೋಬಹುದಾ? ಉತ್ತರ ಕರ್ನಾಟಕದೋರು ಇದನ್ನ ಹೇಗೆ ಕೇಳಿಸ್ಕೋತೀರಿ, ಇದಕ್ಕಿಂತ ಮೆತ್ತಗಿನ ಮಾತು ನಿಮ್ಮ ಕಡೆ ಇದ್ರೆ ದಯವಿಟ್ಟು ಬರೀರಿ.

ಇನ್ನೊಂದು ಚಿಕ್ಕದು. ಟ್ಯಾಕ್ರೋಲಿಮಸ್ ತಗೊಳ್ಳೋರು ಗ್ರೇಪ್‌ಫ್ರೂಟ್ (ಕಿತ್ತಳೆ ಜಾತಿಯ ಒಂದು ದೊಡ್ಡ ಹಣ್ಣು) ತಿನ್ನಬಾರದು ಅಂತ ಇಂಗ್ಲಿಷ್ ಕೈಪಿಡೀಲಿದೆ, ರಕ್ತದಲ್ಲಿ ಔಷಧಿ ಮಟ್ಟ ವಿಪರೀತ ಏರತ್ತೆ ಅಂತ. ಹಿಂದಿನ ಕನ್ನಡ ಕರಡಲ್ಲಿ ಅದು ‘ದ್ರಾಕ್ಷಿ’ ಆಗಿತ್ತು! ದ್ರಾಕ್ಷಿಗೂ ಅದಕ್ಕೂ ಸಂಬಂಧವೇ ಇಲ್ಲ, ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತದಿಂದ, ಚಕ್ಕೋತಾನೂ ಅದೇ ತೊಂದರೆ ಕೊಡಬಹುದು, ನಮ್ಮ ಜನ ತಿನ್ನೋದೂ ಅದನ್ನೇ. ದೇವನಹಳ್ಳಿ ಸುತ್ತಮುತ್ತ ಚಕ್ಕೋತ ಅಂದ್ರೆ ಸಾಕು, ರಾಯಚೂರು ಕೊಪ್ಪಳದ ಕಡೆ ಅದನ್ನ ಏನಂತೀರಿ?